ಅಂಗಳದ ಕೋಳಿಯೂ ಅಂಚಿನ ಕಾಡೂ

(ಹಿತ್ತಿಲ ಕೋಳಿಸಾಕಣೆ ಕುರಿತ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕಾಡಿನಂಚಿನ ಊರುಗಳಲ್ಲಿ ಮನುಷ್ಯ ಮತ್ತು ವನ್ಯಜೀವಿಗಳ ಸಂಘರ್ಷವೆಂದೊಡನೆ ಎಲ್ಲರ ನೆನಪಿಗೆ ಬರುವುದು ಆನೆ, ಚಿರತೆ, ಕಾಡುಕೋಣ, ಮಂಗ. ಪತ್ರಿಕೆಗಳಲ್ಲಿ ಸುದ್ದಿಯಾಗುವುದೂ ಅವೇ. ಆದರೆ ಮಲೆನಾಡಿನ ಮನೆಗಳ ಹಿಂಬದಿಯಲ್ಲಿ ವರ್ಷವಿಡೀ ಸದ್ದಿಲ್ಲದೆ ನಡೆಯುವ ಇನ್ನೊಂದು ಸಂಘರ್ಷವುಂಟು. ಅದು ಹೇಂಟೆಗೂ ಮುಂಗುಸಿಗೂ, ಮರಿಗೂ ಗಿಡುಗಕ್ಕೂ, ಮೊಟ್ಟೆಗೂ ಕೇರೆಹಾವಿಗೂ ನಡುವಿನದು. ಒಂದೊಂದು ಘಟನೆಯೂ ಚಿಕ್ಕದು. ಎಲ್ಲವನ್ನೂ ಕೂಡಿಸಿ ನೋಡಿದರೆ ಚಿಕ್ಕದಲ್ಲ.

ಈ ಸಂಘರ್ಷ ಮುಗಿಯುವ ಬಗೆ ಬಹುಪಾಲು ಊರುಗಳಲ್ಲಿ ಒಂದೇ. ಮುಂಗುಸಿ ಒಂದು ವಾರದಲ್ಲಿ ಮೂರು ಕೋಳಿ ಹಿಡಿಯುತ್ತದೆ. ನಾಲ್ಕನೆಯದು ಸತ್ತು ಬಿದ್ದಾಗ ಮನೆಯವರು ಅದರ ಮೈಗೆ ಗದ್ದೆಗೆಂದು ತಂದಿಟ್ಟ ಹರಳು ವಿಷವನ್ನು ಸವರಿ ಬೇಲಿಯ ಬುಡದಲ್ಲಿ ಇಡುತ್ತಾರೆ. ಮರುದಿನ ಮುಂಗುಸಿ ಸತ್ತಿರಬಹುದು, ಸಾಯದೆಯೂ ಇರಬಹುದು. ಕಾಗೆ ಸಾಯುತ್ತದೆ, ಪಕ್ಕದ ಮನೆಯ ನಾಯಿ ಸಾಯುತ್ತದೆ, ಸತ್ತ ಕಾಗೆಯನ್ನು ಕುಕ್ಕಿದ ಹದ್ದು ಸಾಯುತ್ತದೆ. ವಿಷವಿಡಲು ಮನಸ್ಸು ಬಾರದವರು ಉರುಳು ಕಟ್ಟುತ್ತಾರೆ. ಉರುಳಿಗೆ ಬೀಳುವ ಪ್ರಾಣಿ ಕೋಳಿ ತಿಂದದ್ದೇ ಆಗಿರಬೇಕೆಂದೇನೂ ಇಲ್ಲ. ಬರ್ಕವೋ ಮೊಲವೋ ಆಗಿರಬಹುದು. ಮುಂಗುಸಿ, ಕಾಡುಬೆಕ್ಕು, ಪುನುಗಿನ ಬೆಕ್ಕು, ಹೆಬ್ಬಾವು ಇವೆಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಪಡೆದವುಗಳೆಂಬುದು ಸಭೆಗಳಲ್ಲಿ ಹೇಳಲು ಚೆನ್ನಾಗಿರುವ ಮಾತು. ಮರಿಗಳನ್ನು ಕಳೆದುಕೊಂಡವಳ ಮುಂದೆ ಅದನ್ನು ಹೇಳುವುದು ಅಷ್ಟು ಸುಲಭವಲ್ಲ.

ಯಾಕೆಂದರೆ ಮಲೆನಾಡಿನಲ್ಲಿ ಹಿತ್ತಿಲ ಕೋಳಿ ಬಹುಮಟ್ಟಿಗೆ ಹೆಂಗಸರ ಸ್ವತ್ತು. ಅಡಿಕೆಯ ಹಣ, ಕೂಲಿಯ ಹಣ ಗಂಡಸರ ಕೈಗೆ ಹೋದರೂ ಮೊಟ್ಟೆ ಮಾರಿದ ಹಣ, ಹಬ್ಬದ ಹೊತ್ತಿಗೆ ಹುಂಜ ಮಾರಿದ ಹಣ ಅಡುಗೆಮನೆಯ ಡಬ್ಬಿಯಲ್ಲಿ ಉಳಿಯುತ್ತದೆ. ಮಕ್ಕಳ ಪುಸ್ತಕವೋ ಆಸ್ಪತ್ರೆಗೆ ಹೋಗುವ ಬಸ್ಸಿನ ಖರ್ಚೋ ಅದರಿಂದ ನೀಗುತ್ತದೆ. ಹುಲಿ, ಚಿರತೆ ದನ ಹಿಡಿದರೆ ಪರಿಹಾರ ಕೋರಿ ಅರ್ಜಿ ಹಾಕುವ ಕ್ರಮವುಂಟು. ಮುಂಗುಸಿ ಒಯ್ದ ಹೇಂಟೆಗಾಗಿ ಯಾರೂ ಅರ್ಜಿ ಬರೆಯುವುದಿಲ್ಲ. ಕಾಡು ಉಳಿಯಬೇಕೆನ್ನುವ ಸಂಘಟನೆಗಳಲ್ಲಿ ಮುಂದೆ ನಿಂತು ಮಾತಾಡುವವರಲ್ಲಿ ಅನೇಕರು ಕೋಳಿ ಸಾಕದ ಮನೆಗಳಿಂದ ಬಂದವರು ಎಂಬುದನ್ನೂ ಇಲ್ಲಿ ಹೇಳಲೇಬೇಕು. ಮುಂಗುಸಿಯನ್ನು ಕೊಲ್ಲಬೇಡಿ ಎಂದು ಹೇಳುವ ಹಕ್ಕು ಬರುವುದು, ಕೋಳಿಯನ್ನು ಉಳಿಸುವ ಉಪಾಯವನ್ನೂ ಜತೆಯಲ್ಲಿ ಒಯ್ದಾಗ ಮಾತ್ರ. ಆ ಉಪಾಯ ಬಲೆ ಹೊದಿಸಿದ ಹೊರಾಂಗಣ, ಆಡುಮಾತಿನಲ್ಲಿ ಕೋಳಿದೊಡ್ಡಿ.

ದೊಡ್ಡಿಯ ಕಲ್ಪನೆ ಹೊಸದಲ್ಲ. ಮರಿ ಹಾಕಿದ ಹೇಂಟೆಯನ್ನು ದೊಡ್ಡ ಕುಕ್ಕೆಯಡಿ ಮುಚ್ಚಿಡುವುದು ಅಜ್ಜಿಯರ ಕಾಲದ ಕ್ರಮವೇ. ಅಂದಿನ ಕುಕ್ಕೆಗೆ ಬೆಂಬಲವಾಗಿ ಅಂಗಳದ ತುಂಬ ಕಣ್ಣುಗಳಿದ್ದವು. ಅಡಿಕೆ ಸುಲಿಯುವವರು, ಜಗಲಿಯಲ್ಲಿ ಕುಳಿತ ಮುದುಕರು, ಆಡುವ ಮಕ್ಕಳು ಎಲ್ಲರೂ ಗಿಡುಗದ ನೆರಳು ಕಂಡೊಡನೆ ಕೂಗು ಹಾಕುತ್ತಿದ್ದರು. ಇಂದು ಮಕ್ಕಳು ಶಾಲೆಯ ವಾಹನ ಹತ್ತಿ ಬೆಳಿಗ್ಗೆಯೇ ಹೊರಡುತ್ತಾರೆ. ಎಷ್ಟೋ ಮನೆಗಳಲ್ಲಿ ಇರುವವರು ವಯಸ್ಸಾದ ಇಬ್ಬರೇ. ಕಾಯುವ ಕಣ್ಣು ಇಲ್ಲವಾದ ಕಡೆ ಕಾಯುವ ಬೇಲಿ ಬೇಕಾಗಿದೆ.

ದೊಡ್ಡಿ ಕಟ್ಟುವ ಮೊದಲು ಕಳ್ಳ ಯಾರೆಂದು ತಿಳಿದುಕೊಳ್ಳುವುದು ಒಳ್ಳೆಯದು. ಹಗಲಿನಲ್ಲಿ ಕೋಳಿಯ ಕುತ್ತಿಗೆ ಕಚ್ಚಿ ಕೊಂದಿದ್ದರೆ ಮುಂಗುಸಿಯ ಮೇಲೆ ಸಂಶಯ ಪಡಬಹುದು. ಅದು ಹಗಲಿನ ಬೇಟೆಗಾರ. ಇರುಳಿನಲ್ಲಿ ಗೂಡಿನೊಳಗೆ ಗಲಾಟೆಯಾಗಿ ಒಂದೇ ಕೋಳಿ ಕಾಣೆಯಾಗಿದ್ದರೆ ಕಾಡುಬೆಕ್ಕೋ ಕಬ್ಬೆಕ್ಕೋ ಇರಬೇಕು. ಗಲಾಟೆಯೂ ಇಲ್ಲ, ಗರಿಯೂ ಇಲ್ಲ, ಕೋಳಿಯೂ ಇಲ್ಲವೆಂದರೆ ಹೆಬ್ಬಾವು. ಚಿಕ್ಕ ಮರಿಗಳು ರಾತ್ರಿ ಒಂದೊಂದಾಗಿ ಕಡಿಮೆಯಾಗುತ್ತಿದ್ದರೆ ಬಹಳ ಸಲ ಅದು ಹೆಗ್ಗಣದ ಕೆಲಸ. ಹಗಲಿನಲ್ಲಿ ಮರಿ ಒಯ್ಯುವವರ ಸಾಲಿನಲ್ಲಿ ಗಿಡುಗವಲ್ಲದೆ ಕಾಗೆ, ಕೆಂಬೂತಗಳೂ ಇವೆ. ಐದಾರು ಕೋಳಿಗಳು ಸತ್ತು ಚೆಲ್ಲಾಡಿ ಬಿದ್ದಿವೆ, ಆದರೆ ತಿಂದ ಗುರುತು ಹೆಚ್ಚಿಲ್ಲ ಎಂದಾದರೆ ಕಾಡಿನ ಕಡೆ ಬೆರಳು ತೋರಿಸುವ ಮೊದಲು ಊರಿನ ನಾಯಿಗಳನ್ನು ನೋಡಬೇಕು. ನಾಯಿ ಮಾಡಿದ ತಪ್ಪಿಗೆ ಕಾಡುಬೆಕ್ಕು ಪ್ರಾಣ ತೆರುವುದು ಅಪರೂಪವಲ್ಲ.

ಇನ್ನು ದೊಡ್ಡಿಯ ವಿಚಾರ. ಎಲ್ಲ ಕೋಳಿಗಳನ್ನೂ ದಿನವಿಡೀ ಬಲೆಯೊಳಗಿಡಬೇಕೆಂದರೆ ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾದುದೂ ಇಲ್ಲ. ನಾಟಿಕೋಳಿಯ ಲಾಭವೇ ಅದು ತಾನಾಗಿ ಮೇಯ್ದು ಬರುವುದರಲ್ಲಿದೆ. ಲೆಕ್ಕ ಹಾಕಿ ನೋಡಿದರೆ ನಷ್ಟದ ಹೆಚ್ಚಿನ ಪಾಲು ಮರಿಗಳ ಮೊದಲ ಎರಡು ತಿಂಗಳಲ್ಲಿ ಆಗುತ್ತದೆ. ನಾಟಿ ಹೇಂಟೆ ಹತ್ತು ಹನ್ನೆರಡು ಮೊಟ್ಟೆಗಳ ಮೇಲೆ 21 ದಿನ ಕಾವು ಕೂತು ಹತ್ತು ಮರಿ ಎಬ್ಬಿಸಿದರೆ, ಅವುಗಳಲ್ಲಿ ಮೂರೋ ನಾಲ್ಕೋ ದೊಡ್ಡವಾದರೆ ಪುಣ್ಯವೆಂದು ಮನೆಯವರು ತಿಳಿಯುತ್ತಾರೆ. ಉಳಿದವು ಕಾಗೆ, ಗಿಡುಗ, ಮುಂಗುಸಿ, ಮಳೆ, ರೋಗಗಳ ಪಾಲು. ಆದ್ದರಿಂದ ಮೊದಲು ಕಟ್ಟಬೇಕಾದುದು ತಾಯಿ ಮತ್ತು ಮರಿಗಳಿಗೆ ಒಂದು ದೊಡ್ಡಿ. 6 ಅಡಿ ಅಗಲ, 10 ಅಡಿ ಉದ್ದ ಸಾಕು. ಎತ್ತರ ಮನುಷ್ಯ ತಲೆತಗ್ಗಿಸಿ ಒಳಹೊಕ್ಕು ಗುಡಿಸುವಷ್ಟಿರಲಿ; ಒಳಗೆ ಹೋಗಲಾರದ ದೊಡ್ಡಿಯನ್ನು ಯಾರೂ ಗುಡಿಸುವುದಿಲ್ಲ. ಮರಿ ಹಾಕಿದ ಎರಡು ಹೇಂಟೆಗಳನ್ನು ಒಂದೇ ಕಡೆ ಬಿಟ್ಟರೆ ಪರಸ್ಪರ ಮರಿಗಳನ್ನು ಕುಕ್ಕುವುದರಿಂದ ನಡುವೆ ಒಂದು ತಟ್ಟಿ ಬೇಕು.

ದೊಡ್ಡ ಕೋಳಿಗಳನ್ನೂ ಒಳಗಿಡಬಯಸುವವರು ಕೋಳಿಯೊಂದಕ್ಕೆ ಹೊರಾಂಗಣದಲ್ಲಿ 10 ಚದರ ಅಡಿ, ಇರುಳಿನ ಗೂಡಿನಲ್ಲಿ 2 ಚದರ ಅಡಿಗೆ ಕಡಿಮೆಯಾಗದಂತೆ ನೋಡಿಕೊಳ್ಳಬೇಕು. ಇವಕ್ಕೂ ಒಂದು ನಡುದಾರಿಯುಂಟು. ಬೆಳಿಗ್ಗೆ ಗೂಡಿನಿಂದ ದೊಡ್ಡಿಗೆ ಬಿಡುವುದು, ಸಂಜೆ ನಾಲ್ಕರ ಹೊತ್ತಿಗೆ ಮನೆಯವರು ಹೊರಗಿರುವಾಗ ಬಾಗಿಲು ತೆಗೆದು ಹಿತ್ತಿಲಿಗೆ ಬಿಡುವುದು. ಹೊತ್ತು ಮುಳುಗುವಾಗ ಕೋಳಿಗಳು ಯಾರೂ ಕರೆಯದೆ ಗೂಡಿಗೆ ಮರಳುತ್ತವೆ. ಹೇಂಟೆಗಳು ಹೆಚ್ಚಾಗಿ ಬೆಳಗಿನ ಹೊತ್ತು ಮೊಟ್ಟೆಯಿಡುವುದರಿಂದ, ಮೊಟ್ಟೆಗಳು ಪೊದೆಯಲ್ಲಿ ಹಾವಿನ ಪಾಲಾಗದೆ ದೊಡ್ಡಿಯಲ್ಲೇ ಸಿಗುತ್ತವೆ. ಪಕ್ಕದವರ ಸಸಿಮಡಿಗೆ ಕೋಳಿ ನುಗ್ಗಿ ಆಗುವ ಜಗಳವೂ ಅರ್ಧ ಕಡಿಮೆಯಾಗುತ್ತದೆ.

ಬಲೆಯ ಆಯ್ಕೆಯಲ್ಲಿ ಮಾತ್ರ ಯಾವ ರಾಜಿಯೂ ಸಲ್ಲದು. ಅಗ್ಗಕ್ಕೆ ಸಿಗುವ ನೈಲಾನ್ ಬಲೆ, ಹಳೆಯ ಮೀನುಬಲೆಗಳನ್ನು ದೊಡ್ಡಿಗೆ ಸುತ್ತುವುದು ಈಗ ಎಲ್ಲೆಡೆ ಕಾಣುತ್ತದೆ. ಮುಂಗುಸಿಯೂ ಹೆಗ್ಗಣವೂ ಅದನ್ನು ಕಡಿದು ಒಳಹೋಗುತ್ತವೆ. ಹಾವಿಗೆ ಅದು ನೇಣು. ಹಾವು ತಲೆ ತೂರಿಸಿ ಮುಂದಕ್ಕೆ ಹೋಗುತ್ತದೆ. ಮೈ ದಪ್ಪವಾದ ಕಡೆ ಸಿಕ್ಕಿಕೊಂಡಾಗ ಹಿಂದಕ್ಕೆ ಬರಲು ಹುರುಪೆಗಳು ಬಿಡುವುದಿಲ್ಲ. ಒದ್ದಾಡಿದಷ್ಟೂ ನೂಲು ಮೈಯನ್ನು ಕೊಯ್ಯುತ್ತದೆ. ಬಿಸಿಲೇರಿದರೆ ಅಲ್ಲೇ ಸಾಯುತ್ತದೆ. ಹೀಗೆ ಸಾಯುವವುಗಳಲ್ಲಿ ಇಲಿ ಹಿಡಿದು ರೈತನಿಗೆ ಉಪಕಾರ ಮಾಡುವ ಕೇರೆಹಾವೇ ಹೆಚ್ಚು. ಸಡಿಲವಾಗಿ ಮೇಲೆ ಹೊದಿಸಿದ ನೈಲಾನ್ ಬಲೆಗೆ ಗೂಬೆಯ ರೆಕ್ಕೆಯೂ ಸಿಕ್ಕಿಕೊಳ್ಳುತ್ತದೆ. ಕೋಳಿಯನ್ನು ಉಳಿಸಲೆಂದು ಕಟ್ಟಿದ ದೊಡ್ಡಿಯೇ ಉರುಳಾಗುವುದಾದರೆ ಈ ಪ್ರಯತ್ನಕ್ಕೆ ಅರ್ಥವಿಲ್ಲ.

ಷಟ್ಕೋನದ ಕಣ್ಣುಗಳಿರುವ ಸಾಮಾನ್ಯ ಕೋಳಿಜಾಲರಿ ಕೋಳಿಯನ್ನು ಒಳಗಿಡಬಲ್ಲದೇ ಹೊರತು ಕಳ್ಳನನ್ನು ಹೊರಗಿಡಲಾರದು. ಒಂದಂಗುಲದ ಕಣ್ಣಿನಲ್ಲಿ ಇಲಿ ನುಸುಳುತ್ತದೆ, ನಡುಗಾತ್ರದ ಹಾವು ಸಿಕ್ಕಿಕೊಳ್ಳುತ್ತದೆ. ನೆಲದಿಂದ 3 ಅಡಿಯವರೆಗೆ ಅರ್ಧ ಅಂಗುಲ ಕಣ್ಣಿನ, ಬೆಸುಗೆ ಹಾಕಿದ ಗಟ್ಟಿ ತಂತಿಜಾಲರಿಯೇ ಬೇಕು. ಅದರ ಮೇಲೆ, ಹಣ ಸಾಲದಿದ್ದರೆ, ಒಂದಂಗುಲದ ಜಾಲರಿಯನ್ನು ಬಿಗಿಯಾಗಿ ಎಳೆದು ಕಟ್ಟಬಹುದು. 6 ಅಡಿಗೆ 10 ಅಡಿಯ ದೊಡ್ಡಿಯ ಸುತ್ತಳತೆ 32 ಅಡಿ. ಕೆಳಭಾಗಕ್ಕೆ 96 ಚದರ ಅಡಿ ಗಟ್ಟಿ ಜಾಲರಿ ಸಾಕಾಗುತ್ತದೆ. ಇದರೊಡನೆ ಇನ್ನೊಂದು 50 ಚದರ ಅಡಿಯಷ್ಟು ಬೇಕಾಗುವುದು ನೆಲದ ಅಂಚಿಗೆ.

ಆ ಅಂಚಿನ ಕೆಲಸವನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಮುಂಗುಸಿ ಬೇಲಿ ಹಾರುವುದಕ್ಕಿಂತ ಬೇಲಿಯ ಬುಡ ಕೆರೆಯುವುದರಲ್ಲಿ ನಿಪುಣ. ನಾಯಿಯೂ ಹಾಗೆಯೇ. ಜಾಲರಿಯನ್ನು ಒಂದಡಿ ಆಳಕ್ಕೆ ಹೂಳಬೇಕೆಂದು ಪುಸ್ತಕಗಳು ಹೇಳುತ್ತವೆ. ಜಂಬಿಟ್ಟಿಗೆಯ ನೆಲದಲ್ಲಿ 32 ಅಡಿ ಉದ್ದದ ಚರಂಡಿ ತೋಡುವ ಕಷ್ಟ ಆ ಪುಸ್ತಕ ಬರೆದವರಿಗೆ ಗೊತ್ತಿರಲಾರದು. ಅದರ ಬದಲು ಒಂದೂವರೆ ಅಡಿ ಅಗಲದ ಜಾಲರಿಯನ್ನು ಬೇಲಿಯ ಬುಡದಿಂದ ಹೊರಮುಖವಾಗಿ ನೆಲದ ಮೇಲೆ ಹಾಸಿ, ಬೇಲಿಗೆ ತಂತಿಯಿಂದ ಹೊಲಿದು, ಮೇಲೆ ಕಲ್ಲು ಹೇರಿದರೆ ಸಾಕು. ಕೆರೆಯಲು ಬಂದ ಪ್ರಾಣಿ ಬೇಲಿಯ ಬುಡದಲ್ಲೇ ಕೆರೆಯುತ್ತದೆ. ಕಾಲಿಗೆ ಜಾಲರಿ ತಾಗಿದಾಗ ಎರಡು ಹೆಜ್ಜೆ ಹಿಂದೆ ಸರಿದು ಕೆರೆಯುವ ಬುದ್ಧಿ ಅದಕ್ಕೆ ಬರುವುದು ಅಪರೂಪ. ಒಂದು ಮಳೆಗಾಲ ಕಳೆದರೆ ಹುಲ್ಲು ಬೆಳೆದು ಜಾಲರಿ ಕಾಣದಾಗುತ್ತದೆ.

ದೊಡ್ಡಿಗೆ ಸೂರು ಇರಲೇಬೇಕು. ಜಾಲರಿ ಹೊದಿಸಿ ಅದರ ಮೇಲೆ ಹೀರೆಯನ್ನೋ ತೊಂಡೆಯನ್ನೋ ಹಬ್ಬಿಸಿದರೆ ಬೇಸಿಗೆಯಲ್ಲಿ ನೆರಳು, ಗಿಡುಗದ ಕಣ್ಣಿಗೆ ಮರೆ, ಮನೆಗೆ ಪಲ್ಯ. ಆದರೆ ಕನಿಷ್ಠ ಮೂರನೆಯ ಒಂದು ಭಾಗಕ್ಕೆ ಹೆಂಚಿನದೋ ತಗಡಿನದೋ ನೀರು ಸೋರದ ಮಾಡು ಬೇಕು. ವಾರ್ಷಿಕ ಸರಾಸರಿ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯಂಥ ಸೀಮೆಯಲ್ಲಿ ಕೋಳಿಯನ್ನು ಕೊಲ್ಲುವ ಮೊದಲ ಶತ್ರು ಮುಂಗುಸಿಯಲ್ಲ, ತೇವ. ಒದ್ದೆ ನೆಲದಲ್ಲಿ ರಕ್ತಭೇದಿಯ ರೋಗಾಣು ಬೆಳೆದು ಮರಿಗಳನ್ನು ನಾಲ್ಕು ದಿನದಲ್ಲಿ ಗುಡಿಸಿಹಾಕುತ್ತದೆ. ಇಳಿಜಾರಿನ ಮೇಲ್ಭಾಗದಲ್ಲಿ ಒಂದು ಬಸಿಗಾಲುವೆ, ಪಡುವಣ ಗಾಳಿಮಳೆಗೆ ಎದುರಾಗಿ ಅಡಿಕೆ ಸೋಗೆಯ ತಟ್ಟಿ, ಮಾಡಿನ ಕೆಳಗೆ ಬೂದಿ ಮತ್ತು ಒಣಮಣ್ಣು ಬೆರೆಸಿದ ಹಳೆಯ ಬುಟ್ಟಿ, ಈ ಮೂರೂ ಇದ್ದರೆ ಮಳೆಗಾಲ ದಾಟಬಹುದು. ಬೂದಿಮಣ್ಣಿನಲ್ಲಿ ಹೊರಳಾಡುವುದೇ ಕೋಳಿಯ ಸ್ನಾನ. ಹೇನಿಗೂ ಅದೇ ಮದ್ದು.

ನೆಲಕ್ಕೆ ಹಾಸಲು ಉಮಿ, ಮರಗೆಲಸದ ಹೊಟ್ಟು, ಒಣಗಿದ ಅಡಿಕೆ ಸಿಪ್ಪೆ ಚೆನ್ನಾಗಿ ಒದಗುತ್ತವೆ. ಕಾಡಿನ ದರಗನ್ನು ಗುಡಿಸಿ ತಂದು ಹಾಸುವ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಇಂದಿಗೂ ಮಲೆನಾಡನ್ನು ಬಿಟ್ಟಿಲ್ಲ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗ ಅನುಭವಿಸಿದ್ದನ್ನು ಇಲ್ಲಿರುವವರಿಗೆ ನೆನಪಿಸಬೇಕಾಗಿಲ್ಲ. ಅದನ್ನು ಹರಡುವ ಉಣುಗು ಇರುವುದೇ ಕಾಡಿನ ನೆಲದ ದರಗಿನಲ್ಲಿ. ಚಳಿಗಾಲ ಕಳೆಯುತ್ತ ಬಂದಂತೆ ಕಾಡಿಗೆ ಹೋಗಿ ದರಗು ಗುಡಿಸುವವರಿಗೂ, ಅದನ್ನು ಹಾಸಿದ ಮನೆಯವರಿಗೂ ಅಪಾಯ ಒಂದೇ. ಮಂಗ ಸತ್ತ ಸುದ್ದಿಯಿರುವ ಕಡೆಯ ದರಗನ್ನಂತೂ ಮುಟ್ಟಲೇಬಾರದು. ಕೋಳಿ ಉಣುಗನ್ನು ಹೆಕ್ಕಿ ತಿನ್ನುತ್ತದೆ, ಆದ್ದರಿಂದ ಭಯವಿಲ್ಲ ಎಂಬ ಮಾತು ಕೆಲವೆಡೆ ಕೇಳಿಬರುತ್ತದೆ. ಸಿಕ್ಕಿದ್ದನ್ನು ಕೋಳಿ ತಿನ್ನುವುದು ನಿಜ. ಸಾಸಿವೆ ಕಾಳಿಗಿಂತ ಚಿಕ್ಕದಾದ ಉಣುಗಿನ ಮರಿಯನ್ನೆಲ್ಲ ಅದು ಹೆಕ್ಕಿ ಮುಗಿಸುತ್ತದೆಂದು ನಂಬಿ ಕೂರುವಂತಿಲ್ಲ.

ಕಾಳಿನ ವಿಚಾರಕ್ಕೂ ಕಾಡಿಗೂ ಸಂಬಂಧವುಂಟು. ದೊಡ್ಡಿಯಲ್ಲಿ ಕಾಳು ಚೆಲ್ಲಿದ್ದರೆ ಇಲಿ ಬರುತ್ತದೆ. ಇಲಿಯ ಹಿಂದೆ ಕೇರೆಯೂ ನಾಗರವೂ ಬರುತ್ತವೆ. ಅವುಗಳನ್ನು ಅರಸಿ ಬರುವುದು ಹಾವನ್ನೇ ಆಹಾರ ಮಾಡಿಕೊಂಡ ಕಾಳಿಂಗ. ಪಶ್ಚಿಮಘಟ್ಟದ ಕಾಳಿಂಗವನ್ನು 2024ರಲ್ಲಿ ವಿಜ್ಞಾನಿಗಳು ಬೇರೆಯದೇ ಪ್ರಭೇದವೆಂದು ವಿವರಿಸಿದರು, ಅದರ ವೈಜ್ಞಾನಿಕ ಹೆಸರಿನಲ್ಲಿ ಕನ್ನಡದ ‘ಕಾಳಿಂಗ’ ಎಂಬ ಪದವನ್ನೇ ಇಟ್ಟರು. ಅಭಿಮಾನ ಪಡಬೇಕಾದ ಸಂಗತಿಯೇ ಹೌದು. ಆದರೆ ಅದು ಕೋಳಿಗೂಡಿನ ಹಿಂದೆ ಸುರುಳಿ ಸುತ್ತಿಕೊಂಡಿರುವಾಗ ಅಭಿಮಾನಕ್ಕಿಂತ ಮೊದಲು ಬರುವುದು ಭಯ. ಸಂಜೆ ಉಳಿದ ಕಾಳನ್ನು ಗುಡಿಸಿ ತೆಗೆಯುವುದು, ಕಾಳಿನ ಡಬ್ಬಿಗೆ ಬಿಗಿ ಮುಚ್ಚಳ ಹಾಕುವುದು, ಕಟ್ಟಿಗೆಯ ರಾಶಿಯನ್ನು ದೊಡ್ಡಿಗೆ ತಾಗಿಸದೆ ದೂರವಿಡುವುದು ಹಾವು ಬಾರದಂತೆ ಮಾಡುವ ಅತಿ ಅಗ್ಗದ ಉಪಾಯಗಳು. ಅಷ್ಟಾದರೂ ಹಾವೊಂದು ಒಳಹೊಕ್ಕು, ನುಂಗಿದ್ದರಿಂದ ಮೈ ದಪ್ಪವಾಗಿ ಹೊರಬರಲಾರದೆ ಬೆಳಿಗ್ಗೆ ಕಂಡರೆ ಕೋಲು ಹುಡುಕಬಾರದು. ಕೋಳಿಗಳನ್ನು ಹೊರಗೆ ಬಿಟ್ಟು, ಬಾಗಿಲು ತೆರೆದಿಟ್ಟು ದೂರ ನಿಲ್ಲಬೇಕು. ಹೋಗದಿದ್ದರೆ ಅರಣ್ಯ ಇಲಾಖೆಯವರಿಗೆ ಹೇಳಿ ಕಳಿಸಬೇಕು. ಹೋದ ಮೇಲೆ ಅದು ಬಂದ ಕಂಡಿಯನ್ನು ಹುಡುಕಿ ಮುಚ್ಚುವುದೇ ಮುಖ್ಯ ಕೆಲಸ.

ದೊಡ್ಡಿಯೊಳಗಿಟ್ಟರೆ ಕೋಳಿಗೆ ಹುಳುಹುಪ್ಪಟೆ ಎಲ್ಲಿಂದ ಎಂಬ ಪ್ರಶ್ನೆ ನ್ಯಾಯವಾದುದು. ಹಸಿರು ನೆಲವನ್ನು ಕೋಳಿಗಳು ಕೆಲವೇ ವಾರಗಳಲ್ಲಿ ಬೋಳು ಮಾಡುತ್ತವೆ. ಜಾಗವಿದ್ದರೆ ದೊಡ್ಡಿಯನ್ನು ಎರಡು ಭಾಗ ಮಾಡಿ ಒಂದು ತಿಂಗಳು ಇದರಲ್ಲಿ, ಒಂದು ತಿಂಗಳು ಅದರಲ್ಲಿ ಬಿಡುವುದರಿಂದ ಹುಲ್ಲು ಚಿಗುರಲು ಅವಕಾಶವಾಗುತ್ತದೆ, ನೆಲದ ರೋಗಾಣುವೂ ತಗ್ಗುತ್ತದೆ. ಜಾಗವಿಲ್ಲದವರು ಗೊಬ್ಬರಗುಂಡಿಯನ್ನೇ ದೊಡ್ಡಿಯ ಒಳಗೆ ತರಬೇಕು. ಸಗಣಿ, ತರಕಾರಿ ಸಿಪ್ಪೆ, ಹಲಸಿನ ರಚ್ಚೆ ಎಲ್ಲವೂ ಅಲ್ಲಿ ಬೀಳಲಿ. ಕೋಳಿಗಳು ಅದನ್ನು ಕೆದರಿ ಹುಳ ತಿನ್ನುತ್ತವೆ, ಗೊಬ್ಬರ ಬೇಗ ಹದವಾಗುತ್ತದೆ. ಗೆದ್ದಲು ತಂದು ಮರಿಗಳ ಮುಂದೆ ಸುರಿಯುವ ಹಳೆಯ ವಾಡಿಕೆಯನ್ನೂ ಬಿಡಬಾರದು. ಇತ್ತ ಹಳ್ಳದ ದಡದಲ್ಲಿ, ತೋಟದ ಮೇಲಿನ ಸೊಪ್ಪಿನಬೆಟ್ಟದಲ್ಲಿ ಕೋಳಿಗಳ ಕೆದರಾಟ ಕಡಿಮೆಯಾದರೆ ದರಗಿನಡಿಯ ಪುಟ್ಟ ಕಪ್ಪೆ, ಹಾವುರಾಣಿಗಳಿಗೂ ಉಸಿರಾಡಲು ಎಡೆಯಾಗುತ್ತದೆ. ಕೋಳಿಯೂ ಬೇಟೆಗಾರನೇ ಎಂಬುದನ್ನು ಪ್ರಾಣಿಪ್ರಿಯರು ಮರೆಯುವುದುಂಟು.

ರೋಗದ ವಿಷಯದಲ್ಲಿ ದೊಡ್ಡಿ ಎರಡಲಗಿನ ಕತ್ತಿ. ಕಾಡುಹಕ್ಕಿಗಳ ಹಿಕ್ಕೆ ಬೀಳದಂತೆ ನೀರಿನ ಪಾತ್ರೆಯನ್ನು ಮಾಡಿನಡಿ ಇಡಬಹುದು. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ, 2020ರಲ್ಲಿ ಮೈಸೂರಿನಲ್ಲಿ ಹಕ್ಕಿಜ್ವರ ಬಂದ ನಂತರ ಇದು ಸಣ್ಣ ಮಾತಲ್ಲ. ಆದರೆ ಒಂದು ಕೋಳಿಗೆ ಕೊಕ್ಕರೆ ರೋಗ ಬಂದರೆ ಒಟ್ಟಿಗಿರುವ ಎಲ್ಲಕ್ಕೂ ಬರುತ್ತದೆ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿಸುವ ಲಸಿಕೆ, ಎಂಟು ವಾರದ ಹೊತ್ತಿಗೆ ಚುಚ್ಚುವ ಲಸಿಕೆ ಎರಡೂ ಬೇಕು. ಇಲ್ಲೊಂದು ತೊಡಕಿದೆ. ಲಸಿಕೆಯ ಸೀಸೆ ಸಾಮಾನ್ಯವಾಗಿ ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಳಿಗೆ ಆಗುವಷ್ಟಿರುತ್ತದೆ. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಕೋಳಿಯ ಒಂದು ಮನೆಗಾಗಿ ಯಾರೂ ಸೀಸೆ ಒಡೆಯುವುದಿಲ್ಲ. ಕೇರಿಯ ಹತ್ತು ಮನೆಯವರು ಒಂದೇ ದಿನ ನಿಗದಿ ಮಾಡಿ ಪಶುವೈದ್ಯರನ್ನು ಕರೆಸಿದರೆ ಮಾತ್ರ ಇದು ಕೈಗೂಡುತ್ತದೆ. ಸ್ವಸಹಾಯ ಸಂಘಗಳು ಸಾಲ ವಸೂಲಿಯ ಜತೆಗೆ ಈ ಕೆಲಸವನ್ನೂ ಕೈಗೆತ್ತಿಕೊಳ್ಳಬಹುದು. ನಾಟಿಕೋಳಿಯ ರೋಗ ಕಾಡಿನ ಕೋಳಿಗೂ ದಾಟಬಲ್ಲದಾದ್ದರಿಂದ ಲಸಿಕೆ ಕಾಡಿಗೂ ಸಲ್ಲುವ ಸೇವೆ. ಘಟ್ಟದ ಬೂದುಬಣ್ಣದ ಕಾಡುಕೋಳಿ ನಾಟಿಕೋಳಿಯ ದೂರದ ನೆಂಟ. ಸಾಕುಕೋಳಿಯ ಹಳದಿ ಚರ್ಮದ ಗುಣ ಬಂದದ್ದು ಅದರಿಂದಲೇ ಎಂದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಹಿತ್ತಿಲಲ್ಲಿ ಓಡಾಡುವ ಕೋಳಿಯ ಹಳದಿ ಕಾಲಿನಲ್ಲಿ ಕಾಡಿನದೊಂದು ಪಾಲು ಸೇರಿದೆ.

ತಳಿಯ ಬಗ್ಗೆ ಒಂದೇ ಮಾತು. ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರಾ ತಳಿಗಳು ಬೇಗ ತೂಕ ಬರುತ್ತವೆ, ಮೊಟ್ಟೆಯೂ ಹೆಚ್ಚು. ಭಾರದ ಗಿರಿರಾಜ ಹಾರಿ ಮರವೇರಿ ಪ್ರಾಣ ಉಳಿಸಿಕೊಳ್ಳಲಾರದು. ಅದನ್ನು ಸಾಕುವವರಿಗೆ ದೊಡ್ಡಿ ಅನಿವಾರ್ಯ. ಕಾವಿಗೆ ಕೂತು ಮರಿ ಮಾಡುವ ಗುಣ ನಾಟಿಯಲ್ಲಿರುವಷ್ಟು ಇವುಗಳಲ್ಲಿಲ್ಲ. ಒಂದೆರಡು ನಾಟಿ ಹೇಂಟೆಗಳನ್ನು ಉಳಿಸಿಕೊಳ್ಳದ ಮನೆ ಮರಿಗಾಗಿ ಪ್ರತಿ ಸಲ ಪೇಟೆಗೆ ಓಡಬೇಕಾಗುತ್ತದೆ.

ಕಟ್ಟುವ ಕಾಲದ ಬಗ್ಗೆ ಕೇಳುವವರಿರುತ್ತಾರೆ. ಶಿವರಾತ್ರಿಯ ಆಸುಪಾಸು ಎದ್ದ ಮರಿಗಳು ಮಳೆ ಹಿಡಿಯುವ ಹೊತ್ತಿಗೆ ಗರಿ ಬಲಿತು ಗಟ್ಟಿಯಾಗಿರುತ್ತವೆ. ಹಾಗಾಗಿ ಅಡಿಕೆ ಸುಲಿತದ ಗಡಿಬಿಡಿ ಮುಗಿದೊಡನೆ ಬಿದಿರಿನ ಗಳುಗಳನ್ನೇ ಕಂಬವಾಗಿ ನೆಟ್ಟು ಜಾಲರಿ ಕಟ್ಟಿಬಿಡಬೇಕು. ಬಿದಿರು ಒಂದೆರಡು ಮಳೆಗಾಲಕ್ಕೆ ಬುಡದಲ್ಲಿ ಲಡ್ಡಾಗುತ್ತದೆ. ಮೃಗಶಿರಾ ಮಳೆ ಬಿದ್ದಾಗ ಪ್ರತಿ ಬಿದಿರಿನ ಪಕ್ಕದಲ್ಲಿ ಗೊಬ್ಬರದ ಗಿಡದ ಅಥವಾ ಹಾಲವಾಣದ ಗೂಟವೊಂದನ್ನು ಊರಿದರೆ, ಬಿದಿರು ಮುರಿಯುವ ವರ್ಷಕ್ಕೆ ಅದು ಬೇರೂರಿ ಕಂಬವಾಗಿರುತ್ತದೆ. ಆಗ ಜಾಲರಿಯನ್ನು ಬಿಚ್ಚಿ ಹಸಿಮರಕ್ಕೆ ಕಟ್ಟುವಾಗ ಮೊಳೆ ಹೊಡೆಯದೆ ಸಡಿಲವಾಗಿ ತಂತಿ ಸುತ್ತಬೇಕು. ಮರ ದಪ್ಪವಾದಂತೆ ಬಿಗಿದ ತಂತಿ ತೊಗಟೆಯನ್ನು ಕೊರೆಯುವುದರಿಂದ ವರ್ಷಕ್ಕೊಮ್ಮೆ ಅದನ್ನು ಬಿಚ್ಚಿ ಕಟ್ಟುವ ಕೆಲಸ ಉಳಿಯುತ್ತದೆ.